ಟೊಮೆಟೊ ಲೆಕ್ಕ ಒಂದು ದಿನ ಹಿಂದೆ ಹೋದಾಗ: ವಿದ್ಯಾರ್ಥಿಯ ವೆಬ್ ಆ್ಯಪ್ ಪರಿಶೀಲಿಸುವ ಕೈಪಿಡಿ

ವಾರವೆಲ್ಲಾ ನನಗೆ ಬೆಂಗಳೂರಿಗೆ ಓಡಾಟ. ಶನಿವಾರ ಕೋಲಾರದಲ್ಲೇ ಇರುತ್ತೇನೆ. ಆ ದಿನ ಫೈನಲ್ ಇಯರ್ ಹುಡುಗರು ಲ್ಯಾಪ್‌ಟಾಪ್ ಹಿಡಿದುಕೊಂಡು ಬರುತ್ತಾರೆ. ಪ್ರಾಜೆಕ್ಟ್ ನೋಡಿ, ಎಲ್ಲಿ ಕೆಟ್ಟಿದೆ ಹುಡುಕಿ, ಏನು ಮಾಡಬೇಕು ಅಂತ ಹೇಳಿ ಕಳಿಸುವುದು ನನ್ನ ಕೆಲಸ. ಹೀಗೆ ನೋಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕಾಲೇಜಿನಲ್ಲಿ ಗೈಡ್ ಆಗಿರುವವರಿಗೆ, ಜೂನಿಯರ್‌ಗಳಿಗೆ ಸಹಾಯ ಮಾಡುವ ಸೀನಿಯರ್‌ಗಳಿಗೆ ಇದು ಉಪಯೋಗ ಆಗಬಹುದು. ವಿದ್ಯಾರ್ಥಿಗಳೂ ಓದಬಹುದು, ಮುಚ್ಚಿಡುವಂಥದ್ದು ಏನೂ ಇಲ್ಲ.

ಉದಾಹರಣೆಗೆ ಜಾಸ್ತಿ ಒಂದೇ ಪ್ರಾಜೆಕ್ಟ್ ತೆಗೆದುಕೊಂಡಿದ್ದೇನೆ. ಮುಳಬಾಗಿಲು ಕಡೆಯ ಒಬ್ಬ ಹುಡುಗಿ ಮಾಡಿದ್ದು. ಮನೆಯಲ್ಲಿ ಟೊಮೆಟೊ ಬೆಳೆಯುತ್ತಾರೆ. ಎಷ್ಟು ಬಾಕ್ಸ್ ಹೋಯಿತು, ಮಂಡಿಯಲ್ಲಿ ಏನು ರೇಟು ಸಿಕ್ಕಿತು, ಕಮಿಷನ್, ಗಾಡಿ ಬಾಡಿಗೆ, ಕೂಲಿ ಕಳೆದು ಕೈಗೆ ಎಷ್ಟು ಬಂತು. ಅಪ್ಪ ಇದನ್ನೆಲ್ಲಾ ಒಂದು ಹಳೇ ಡೈರಿಯಲ್ಲಿ ಬರೆಯುತ್ತಿದ್ದರು. ಅದನ್ನೇ ಅವಳು ವೆಬ್ ಆ್ಯಪ್ ಮಾಡಿದ್ದಳು. ನಮ್ಮ ಕಡೆ ಇದಕ್ಕಿಂತ ಬೇಕಾದ ಪ್ರಾಜೆಕ್ಟ್ ಯಾವುದಿದೆ ಹೇಳಿ?

ಶುರು ಮಾಡುವ ಮುಂಚೆ: ಮೌಸ್ ಅವರ ಕೈಯಲ್ಲೇ ಇರಲಿ

ಲ್ಯಾಪ್‌ಟಾಪ್ ನಮ್ಮ ಕಡೆ ತಿರುಗಿಸಿಕೊಂಡು ಕೋಡ್ ತೆಗೆಯಬೇಡಿ. "ನೋಡಮ್ಮ, ಇದನ್ನ ಯಾರು ಬಳಸ್ತಾರೆ? ಅವರು ಏನು ಮಾಡ್ತಾರೋ ಅದನ್ನ ನನ್ನ ಮುಂದೆ ಮಾಡಿ ತೋರಿಸು" ಅಂತ ಕೇಳಿ. ಆಮೇಲೆ ಹತ್ತು ನಿಮಿಷ ಸುಮ್ನೆ ನೋಡಿ. ಎಲ್ಲಿ ಕೈ ತಡೆಯುತ್ತದೆ, ಯಾವ ಬಟನ್ ಎರಡು ಸಲ ಒತ್ತುತ್ತಾರೆ, ಯಾವ ಪುಟವನ್ನು ಬೇಗ ಬೇಗ ದಾಟಿಸುತ್ತಾರೆ, ಗಮನಿಸಿ. ದಾಟಿಸಿದ ಪುಟದಲ್ಲಿ ಏನೋ ಕೆಟ್ಟಿದೆ ಅಂತ ಅವರಿಗೆ ಆಗಲೇ ಗೊತ್ತಿರುತ್ತದೆ. ಅದನ್ನು ಆ ಕ್ಷಣ ಎತ್ತಿ ಆಡಬೇಡಿ. ಕಾಗದದಲ್ಲಿ ಒಂದು ಗುರುತು ಹಾಕಿಕೊಳ್ಳಿ, ಸಾಕು.

ಅವರು ಅವಸರದಲ್ಲಿದ್ದರೆ ತಪ್ಪನ್ನು ಅವರೇ ಹೇಳುತ್ತಾರೆ, ಕೇಳುವವರು ಬೇಕು ಅಷ್ಟೇ. ಈ ಹುಡುಗಿ ಕೂತ ತಕ್ಷಣ ಹೇಳಿದ್ದು ಇದು: "ಸರ್, ನಾನು ಹಾಕಿದ್ರೆ ಸರಿ ಬರುತ್ತೆ. ಅಪ್ಪ ಹಾಕಿದ್ರೆ ಸೊನ್ನೆ ಬರುತ್ತೆ."

ಲಕ್ಷಣ: ಬಾಕ್ಸ್ ಒಂದು ದಿನಕ್ಕೆ, ರೇಟು ಇನ್ನೊಂದು ದಿನಕ್ಕೆ

ತೆರೆಯ ಮೇಲೆ ಕಂಡದ್ದು ಹೀಗಿತ್ತು. 11ನೇ ತಾರೀಕಿನ ಸಾಲಿನಲ್ಲಿ 62 ಬಾಕ್ಸ್, ರೇಟು ಖಾಲಿ, ಮೊತ್ತ 0. 12ನೇ ತಾರೀಕಿನಲ್ಲಿ ಬಾಕ್ಸ್ 0, ರೇಟು 340, ಮೊತ್ತ ಮತ್ತೆ 0. ನಿಜವಾಗಿ ಬರಬೇಕಿದ್ದದ್ದು 12ನೇ ತಾರೀಕಿಗೆ 62 ಬಾಕ್ಸ್, 340 ರೂಪಾಯಿ, ಒಟ್ಟು 21,080 ರೂಪಾಯಿ. ಡೈರಿಯಲ್ಲಿ ಹಾಗೇ ಇತ್ತು.

ನಾನು ಮೊದಲು ಇದು ಡೇಟಾಬೇಸ್ ಕ್ವೆರಿಯ, ಅಂದರೆ ಡೇಟಾ ಕೇಳುವ ಆದೇಶದ, ತಪ್ಪು ಅಂದುಕೊಂಡೆ. ಎರಡು ಟೇಬಲ್ ಜೋಡಿಸುವ ಕಡೆ ಏನೋ ಬಿಟ್ಟುಹೋಗಿದೆ ಅಂತ ಅರ್ಧ ಗಂಟೆ ಅದನ್ನೇ ಓದಿದೆ. ಕ್ವೆರಿಯಲ್ಲಿ ಏನೂ ತಪ್ಪಿರಲಿಲ್ಲ. ಆ ಅರ್ಧ ಗಂಟೆಯಿಂದ ನಾನು ಕಲಿತದ್ದು ಒಂದಿದೆ. ಸರಿ ಬಂದ ದಾಖಲೆ ಮತ್ತು ತಪ್ಪಿದ ದಾಖಲೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವ ತನಕ ಕೋಡ್ ತೆಗೆಯಬಾರದು.

ಆಮೇಲೆ ಹಾಗೇ ಮಾಡಿದೆವು. ಟೇಬಲ್‌ನಲ್ಲಿ ಅವಳು ಬರೆದ ತಾರೀಕಿನ ಕಾಲಂ ಒಂದಿತ್ತು. ಅದರ ಜೊತೆಗೆ ಸಾಲು ಸೇರಿದ ಹೊತ್ತನ್ನು ಡೇಟಾಬೇಸ್ ತಾನೇ ಗುರುತು ಹಾಕಿಕೊಳ್ಳುವ ಇನ್ನೊಂದು ಕಾಲಂ ಇತ್ತು. ಒಂದು ಹಾಳೆ ಮೇಲೆ ಬರೆದುಕೊಂಡೆವು. ಬೆಳಗಿನ ಜಾವ 4:50ಕ್ಕೆ ಹಾಕಿದ್ದು, ತಪ್ಪು. 5:05, ತಪ್ಪು. 5:22, ತಪ್ಪು. 5:41, ಸರಿ. ಬೆಳಗ್ಗೆ 10:15, ಸರಿ. ಸಂಜೆ 4, ಸರಿ.

ಹುಡುಗಿ ಪೆನ್ನು ಕೆಳಗಿಟ್ಟು, "ಐದೂವರೆ ಸರ್" ಅಂದಳು.

ಹೌದು, ಐದೂವರೆ. ಭಾರತದ ಸಮಯ ಯುಟಿಸಿಗಿಂತ, ಅಂದರೆ ಜಗತ್ತಿಗೆಲ್ಲಾ ಒಂದೇ ಆಗಿರುವ ಲೆಕ್ಕದ ಸಮಯಕ್ಕಿಂತ, 5 ಗಂಟೆ 30 ನಿಮಿಷ ಮುಂದಿದೆ. ಜಾವಾಸ್ಕ್ರಿಪ್ಟ್‌ನಲ್ಲಿ ತಾರೀಕು ತೆಗೆಯಲು ಹುಡುಗರು ಜಾಸ್ತಿ ಬಳಸುವ ದಾರಿ ಒಂದಿದೆ. ಈಗಿನ ಸಮಯವನ್ನು ಟು-ಐಎಸ್‌ಒ-ಸ್ಟ್ರಿಂಗ್‌ಗೆ ಕೊಟ್ಟು, ಬಂದದ್ದರಲ್ಲಿ ಮೊದಲ 10 ಅಕ್ಷರ ಕತ್ತರಿಸಿಕೊಳ್ಳುವುದು. ಆ ಫಂಕ್ಷನ್ ಯಾವಾಗಲೂ ಯುಟಿಸಿ ಸಮಯವನ್ನೇ ಕೊಡುತ್ತದೆ. ನಮ್ಮಲ್ಲಿ 12ನೇ ತಾರೀಕು ಬೆಳಗಿನ ಜಾವ 4:50 ಆದಾಗ ಯುಟಿಸಿಯಲ್ಲಿ ಇನ್ನೂ 11ನೇ ತಾರೀಕು ರಾತ್ರಿ 11:20. ಆ್ಯಪ್ 11 ಅಂತ ಬರೆದುಕೊಳ್ಳುತ್ತದೆ. ಅಪ್ಪ ತೋಟದಲ್ಲಿ ಗಾಡಿಗೆ ಲೋಡ್ ಮಾಡಿಸಿ ಬಾಕ್ಸ್ ಲೆಕ್ಕ ಹಾಕುವುದು ಬೆಳಕು ಹರಿಯುವ ಮುಂಚೆ. ರೇಟು ಹಾಕುವುದು ಹರಾಜು ಮುಗಿದು ಚೀಟಿ ಕೈಗೆ ಬಂದ ಮೇಲೆ. ಒಂದು ಐದೂವರೆಗಿಂತ ಮುಂಚೆ, ಇನ್ನೊಂದು ಆಮೇಲೆ. ಹುಡುಗಿ ಪರೀಕ್ಷೆ ಮಾಡಿದ್ದೆಲ್ಲಾ ಕಾಲೇಜಿನ ಲ್ಯಾಬ್‌ನಲ್ಲಿ, ಹತ್ತರಿಂದ ನಾಲ್ಕರ ಒಳಗೆ. ಅಲ್ಲಿ ಕೂತು ಎಷ್ಟು ಸಲ ಒತ್ತಿದರೂ ಈ ತಪ್ಪು ಸಿಗುವುದಿಲ್ಲ.

ನಿಮಗೂ ಇಂಥ ಅನುಮಾನ ಬಂದರೆ ಪರೀಕ್ಷೆ ಸುಲಭ. ಲ್ಯಾಪ್‌ಟಾಪಿನ ಗಡಿಯಾರವನ್ನು ಬೆಳಗಿನ ಜಾವ 4:50ಕ್ಕೆ ತಿರುಗಿಸಿ, ಒಂದು ದಾಖಲೆ ಹಾಕಿ, ಆಮೇಲೆ 5:40ಕ್ಕೆ ತಿರುಗಿಸಿ ಇನ್ನೊಂದು ಹಾಕಿ. ಎರಡರ ತಾರೀಕು ಬೇರೆ ಬೇರೆ ಬಂದರೆ ರೋಗ ಇದೇ. ಗಡಿಯಾರವನ್ನು ಮತ್ತೆ ಸರಿ ಮಾಡಲು ಮರೆಯಬೇಡಿ. ಇದರ ಅಣ್ಣ ಒಬ್ಬ ಇದ್ದಾನೆ: ಲ್ಯಾಪ್‌ಟಾಪಿನಲ್ಲಿ ಎಲ್ಲಾ ಸರಿ, ಹೋಸ್ಟ್ ಮಾಡಿದ ಮೇಲೆ (ಅಂದರೆ ಇಂಟರ್ನೆಟ್ಟಿನ ಬೇರೊಂದು ಕಂಪ್ಯೂಟರಿಗೆ, ಸರ್ವರಿಗೆ, ಹಾಕಿದ ಮೇಲೆ) ಮಾತ್ರ ತಾರೀಕು ತಪ್ಪು. ಹಾಗಾದರೆ ತಾರೀಕು ತೆಗೆಯುತ್ತಿರುವುದು ಸರ್ವರ್, ಮತ್ತು ಆ ಸರ್ವರ್‌ನ ಗಡಿಯಾರ ಯುಟಿಸಿಯಲ್ಲಿದೆ ಅಂತ ಅರ್ಥ.

ಪರಿಹಾರ ಹೇಳುವುದೂ ಸುಲಭವೇ ಇತ್ತು. ಕ್ಷಣವನ್ನು ಪೂರ್ತಿಯಾಗಿ ಯುಟಿಸಿಯಲ್ಲಿ ಇಡು, ತೋರಿಸುವಾಗ ಏಷ್ಯಾ/ಕೋಲ್ಕತಾ ಸಮಯ ವಲಯಕ್ಕೆ ಬದಲಾಯಿಸು, ದಿನವನ್ನು ಅದರಿಂದಲೇ ತೆಗೆ. ನಾನು ಅದನ್ನೇ ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಒಂದು ಪ್ರಶ್ನೆ ಹೊಳೆಯಿತು. "ರಾತ್ರಿ ಹನ್ನೊಂದಕ್ಕೇ ಗಾಡಿ ಹೊರಟರೆ ಯಾವ ದಿನದ ಲೆಕ್ಕ?"

ಅವಳಿಗೆ ಗೊತ್ತಿರಲಿಲ್ಲ. ನನಗಂತೂ ಗೊತ್ತಿರಲಿಲ್ಲ. ಅಲ್ಲೇ ಅಪ್ಪನಿಗೆ ಫೋನ್ ಮಾಡಿದಳು. ಸ್ಪೀಕರ್‌ನಲ್ಲಿ ಉತ್ತರ ಬಂತು: "ಗಾಡಿ ಹೊರಟ ದಿನ ಕಟ್ಕೊಂಡು ಏನು ಮಾಡ್ತೀಯಮ್ಮ? ಹರಾಜಾದ ದಿನ ತಾನೇ ಲೆಕ್ಕ."

ನಾನು ಹೇಳಬೇಕೆಂದಿದ್ದ ಪರಿಹಾರ ಅರ್ಧ ಮಾತ್ರ ಸರಿ ಅಂತ ಆಗ ಗೊತ್ತಾಯಿತು. ಸಮಯ ವಲಯ ಸರಿ ಮಾಡಿದ್ದರೆ 4:50ರ ದಾಖಲೆ ಸರಿ ಹೋಗುತ್ತಿತ್ತು. ರಾತ್ರಿ ಹನ್ನೊಂದರ ಲೋಡ್ ಮತ್ತೆ ತಪ್ಪು ದಿನಕ್ಕೇ ಬೀಳುತ್ತಿತ್ತು. ಬೇಕಾಗಿದ್ದದ್ದು ಫಾರಂನಲ್ಲಿ "ಮಾರಾಟದ ದಿನ" ಅನ್ನುವ ಒಂದು ಜಾಗ. ಅದನ್ನು ಗಡಿಯಾರದಿಂದ ಊಹಿಸಬಾರದು, ಬರೆಯುವವರೇ ಆರಿಸಬೇಕು. ಇದು ಯಾವ ಕೋಡ್ ಪುಸ್ತಕದಲ್ಲೂ ಸಿಗುವುದಿಲ್ಲ. ಆ ಮನೆಯ ಡೈರಿಯಲ್ಲಿ ಇತ್ತು. ಪ್ರಾಜೆಕ್ಟ್ ನೋಡುವವರಿಗೆ ಕೋಡ್ ಗೊತ್ತಿರುತ್ತದೆ, ವಿದ್ಯಾರ್ಥಿಗೆ ಆ ಕೆಲಸ ಗೊತ್ತಿರುತ್ತದೆ. ಎರಡನೆಯದನ್ನು ಕೇಳದೆ ಮೊದಲನೆಯದನ್ನು ಮಾತ್ರ ಹೇಳಿದರೆ ತಪ್ಪು ಜಾಗ ಬದಲಾಯಿಸುತ್ತದೆ, ಹೋಗುವುದಿಲ್ಲ. ನನಗೆ ಈ ಮಾತಿನ ಮೇಲೆ ಪೂರ್ತಿ ನಂಬಿಕೆ ಇದೆ.

ಲಕ್ಷಣ: "ನನ್ನ ಲ್ಯಾಪ್‌ಟಾಪಲ್ಲಿ ಓಡ್ತಿತ್ತು ಸರ್"

ಪುಟ ಬರುತ್ತದೆ, ಒಳಗೆ ಏನೂ ಇಲ್ಲ. ಅಥವಾ ಚಕ್ರ ತಿರುಗುತ್ತಲೇ ಇರುತ್ತದೆ. ಎಫ್12 ಒತ್ತಿ, ನೆಟ್‌ವರ್ಕ್ ಟ್ಯಾಬ್ ತೆಗೆದು, ಪುಟವನ್ನು ರಿಫ್ರೆಶ್ ಮಾಡಿಸಿ. ಕೆಂಪು ಬಣ್ಣದ ಸಾಲು ಹುಡುಕಿ. ಅಲ್ಲಿರುವ ಅಂಕಿಯೇ ದಾರಿ ತೋರಿಸುತ್ತದೆ. 404 ಬಂದರೆ ಕೇಳಿದ ವಿಳಾಸದಲ್ಲಿ ಏನೂ ಇಲ್ಲ. 500 ಬಂದರೆ ಸರ್ವರ್ ಒಳಗೇ ಏನೋ ಮುರಿದಿದೆ, ಸರ್ವರ್‌ನ ಲಾಗ್ ಓದಬೇಕು. 401 ಅಥವಾ 403 ಆದರೆ ಲಾಗಿನ್, ಅನುಮತಿಯ ಕಡೆ ನೋಡಿ. ಅಂಕಿಯೇ ಇಲ್ಲದೆ ಸೋತಿದ್ದರೆ ಸರ್ವರ್‌ಗೆ ತಲುಪಿಯೇ ಇಲ್ಲ, ಇಲ್ಲವೇ ಬ್ರೌಸರ್ ಉತ್ತರವನ್ನು ತಡೆದಿದೆ. ಬ್ರೌಸರ್ ತಡೆದಿದ್ದರೆ ಕನ್ಸೋಲ್‌ನಲ್ಲಿ ಕಾರ್ಸ್ (ಬೇರೆ ವಿಳಾಸದ ಸರ್ವರ್ ಕೊಟ್ಟ ಉತ್ತರ ಓದಲು ಬೇಕಾದ ಅನುಮತಿ) ಅನ್ನುವ ಪದ ಕಾಣುತ್ತದೆ. 200 ಬಂದೂ ಪುಟ ಖಾಲಿ ಇದ್ದರೆ ಹೆಚ್ಚಾಗಿ ಡೇಟಾ ಬಂದಿರುತ್ತದೆ, ತೋರಿಸುವ ಕೋಡ್ ಎಡವಿರುತ್ತದೆ.

ನಾನು ನೋಡಿದ ಪ್ರಾಜೆಕ್ಟ್‌ಗಳಲ್ಲಿ ಇದಕ್ಕೆ ಜಾಸ್ತಿ ಸಲ ಸಿಕ್ಕ ಕಾರಣ ಒಂದೇ. ಕೋಡ್ ಒಳಗೆ ಸರ್ವರ್ ವಿಳಾಸ ಲೋಕಲ್‌ಹೋಸ್ಟ್ ಅಂತಲೋ 127.0.0.1 ಅಂತಲೋ ಬರೆದಿರುತ್ತಾರೆ. ಆ ವಿಳಾಸಕ್ಕೆ ಅರ್ಥ "ಇದೇ ಯಂತ್ರ". ಅಪ್ಪನ ಫೋನಿನಲ್ಲಿ ತೆಗೆದರೆ ಅದು ಅಪ್ಪನ ಫೋನನ್ನೇ ಹುಡುಕುತ್ತದೆ. ಡೆಮೊ ಕೊಡುವ ಲ್ಯಾಪ್‌ಟಾಪಿನಲ್ಲಿ ಇದು ಯಾವತ್ತೂ ಕಾಣುವುದಿಲ್ಲ. ಆದ್ದರಿಂದ ರಿವ್ಯೂ ಮಾಡುವವರು ತಮ್ಮ ಫೋನಿನಲ್ಲಿ, ತಮ್ಮ ಡೇಟಾದಲ್ಲಿ ಒಂದು ಸಲ ತೆಗೆಯಲೇಬೇಕು. ಕಾಲೇಜಿನ ವೈಫೈ ಬೇಡ.

ಎರಡನೇ ಕಾರಣ ಫೈಲ್ ಹೆಸರು. ವಿಂಡೋಸ್‌ನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಎರಡೂ ಒಂದೇ. ಲಿನಕ್ಸ್ ಸರ್ವರ್‌ನಲ್ಲಿ ಬೇರೆ ಬೇರೆ. ಫೋಟೊದ ಹೆಸರಿನ ಕೊನೆಯ ಜೆಪಿಜಿ ಫೈಲ್‌ನಲ್ಲಿ ದೊಡ್ಡಕ್ಷರ, ಕೋಡ್‌ನಲ್ಲಿ ಚಿಕ್ಕಕ್ಷರ ಇದ್ದರೆ ಹೋಸ್ಟ್ ಮಾಡಿದ ಮೇಲೆ ಚಿತ್ರ ಮಾಯ.

ಇನ್ನೊಂದು: ಹಲವು ಉಚಿತ ಹೋಸ್ಟಿಂಗ್‌ಗಳಲ್ಲಿ ಸ್ವಲ್ಪ ಹೊತ್ತು ಯಾರೂ ಬಳಸದಿದ್ದರೆ ಸರ್ವರ್ ಮಲಗುತ್ತದೆ. ಮೊದಲು ತೆಗೆದವರು ಅದು ಏಳುವ ತನಕ ಕಾಯಬೇಕು. ಇದು ತಪ್ಪಲ್ಲ, ಅದಕ್ಕಾಗಿ ಅಂಕ ಕಳೆಯಬೇಡಿ. ಆದರೆ ಡೇಟಾಬೇಸ್ ಅದೇ ಸರ್ವರ್‌ನ ಫೈಲ್ ಆಗಿದ್ದರೆ ಗಮನಿಸಿ. ಕೆಲವು ಕಡೆ ಸರ್ವರ್ ಎದ್ದಾಗ ಆ ಫೈಲ್ ಹೊಸದಾಗಿ, ಖಾಲಿಯಾಗಿ ಶುರುವಾಗುತ್ತದೆ. ನಿನ್ನೆ ಹಾಕಿದ್ದು ಇವತ್ತು ಇಲ್ಲ. ರೈತನ ಲೆಕ್ಕ ಹೀಗೆ ಹೋಗಬಾರದು ಅಲ್ವಾ?

ಲಕ್ಷಣ: ಕನ್ನಡ ಅಕ್ಷರ ಕೆಟ್ಟಿದೆ

ಇದರಲ್ಲಿ ನಾಲ್ಕು ಬಗೆ ಇದೆ. ನೋಟದಲ್ಲೇ ಯಾವುದು ಅಂತ ಹೇಳಬಹುದು. ಇದನ್ನು ಕಲಿತುಕೊಂಡರೆ ನಿಮ್ಮ ಎಷ್ಟೋ ಗಂಟೆ ಉಳಿಯುತ್ತದೆ.

ಬರೀ ಪ್ರಶ್ನಾರ್ಥಕ ಚಿಹ್ನೆ ಸಾಲಾಗಿ ಬಂದಿದ್ದರೆ ಕೆಟ್ಟ ಸುದ್ದಿ. ಹೆಚ್ಚಾಗಿ ಉಳಿಸುವಾಗಲೇ ಅಕ್ಷರ ಹೋಗಿರುತ್ತದೆ. ಡೇಟಾಬೇಸ್ ಟೇಬಲ್ ಕನ್ನಡ ಹಿಡಿಯದ ಲ್ಯಾಟಿನ್1 ಬಗೆಯಲ್ಲಿದೆ. ಟೇಬಲ್ ಸರಿ ಮಾಡಿದರೂ ಹಳೇ ಹೆಸರುಗಳು ವಾಪಸ್ ಬರುವುದಿಲ್ಲ, ಮತ್ತೆ ಟೈಪ್ ಮಾಡಬೇಕು. ಮೈಎಸ್‌ಕ್ಯುಎಲ್‌ನಲ್ಲಿ 8.0 ಬರುವ ಮುಂಚೆ ಈ ಲ್ಯಾಟಿನ್1 ತಾನಾಗಿಯೇ ಇರುತ್ತಿತ್ತು. ಹಳೇ ಲ್ಯಾಬ್ ಸಿಸ್ಟಮ್‌ಗಳಲ್ಲಿ ಈಗಲೂ ಕಾಣುತ್ತದೆ. ಎಲ್ಲಾ ಭಾಷೆಯ ಅಕ್ಷರ ಹಿಡಿಯುವ ಯುಟಿಎಫ್8ಎಂಬಿ4ಗೆ ಬದಲಾಯಿಸಲು ಹೇಳಿ.

ತಲೆ ಮೇಲೆ ಗೀಟು ಇರುವ ಇಂಗ್ಲಿಷ್ ಎ, ಅದರ ಪಕ್ಕ ಇನ್ನೆರಡು ವಿಚಿತ್ರ ಗುರುತು, ಮತ್ತೆ ಅದೇ ಎ, ಹೀಗೆ ಮೂರು ಮೂರಾಗಿ ಬಂದಿದ್ದರೆ ಒಳ್ಳೆ ಸುದ್ದಿ. ಡೇಟಾ ಸಾಮಾನ್ಯವಾಗಿ ಹಾಗೇ ಇದೆ, ಓದುವವರು ತಪ್ಪಾಗಿ ಓದುತ್ತಿದ್ದಾರೆ. ಯುಟಿಎಫ್-8 ಅನ್ನುವ ಅಕ್ಷರ ಉಳಿಸುವ ಪದ್ಧತಿಯಲ್ಲಿ ಕನ್ನಡದ ಪ್ರತಿ ಗುರುತಿಗೂ 3 ಬೈಟ್ ಬೇಕು, ಅದಕ್ಕೇ ಮೂರು ಮೂರು. ಪುಟದ ತಲೆಯಲ್ಲಿ, ಡೇಟಾಬೇಸ್ ಸಂಪರ್ಕದಲ್ಲಿ ಯುಟಿಎಫ್-8 ಅಂತ ಹೇಳಿದ್ದಾರಾ ನೋಡಿ.

ಸುಮ್ನೆ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿದ ಹಾಗಿದ್ದರೆ ಅದು ಕೋಡ್ ತಪ್ಪೇ ಅಲ್ಲ. ನುಡಿ ಸಾಫ್ಟ್‌ವೇರಿನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ ಯಾವುದೋ ಪಟ್ಟಿಯಿಂದ ಊರಿನ ಹೆಸರುಗಳನ್ನು ಕಾಪಿ ಮಾಡಿದ್ದಾರೆ. ಆ ಫಾಂಟ್ ಇರುವ ಕಂಪ್ಯೂಟರ್‌ನಲ್ಲಿ ಮಾತ್ರ ಅದು ಕನ್ನಡ. ಯೂನಿಕೋಡ್‌ಗೆ (ಎಲ್ಲಾ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಪದ್ಧತಿ) ಪರಿವರ್ತಿಸಿಕೊಂಡು ಹಾಕಬೇಕು.

ನಾಲ್ಕನೆಯದನ್ನು ತುಂಬಾ ಜನ ಗಮನಿಸುವುದಿಲ್ಲ. ಈ ಹುಡುಗಿಯ ಆ್ಯಪ್‌ನಲ್ಲಿ ಊರಿನ ಹೆಸರಿಗೆ 10 ಅಕ್ಷರ ಸಾಕು ಅಂತ ಮಿತಿ ಇತ್ತು. ಶ್ರೀನಿವಾಸಪುರ ಅಂತ ಟೈಪ್ ಮಾಡಿದರೆ "ಶ್ರೀನಿವಾಸಪ"ಕ್ಕೆ ನಿಂತುಬಿಡುತ್ತಿತ್ತು. ನಮ್ಮ ಕಣ್ಣಿಗೆ ಪೂರ್ತಿ ಹೆಸರು 6 ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ 12. "ಶ್ರೀ" ಒಂದರಲ್ಲೇ ನಾಲ್ಕು: ಶ, ಒತ್ತಿನ ಕೊಂಡಿ, ರ, ದೀರ್ಘ. ಇಂಗ್ಲಿಷ್ ಹೆಸರು ನೋಡಿ ಇಟ್ಟ ಮಿತಿ ಕನ್ನಡಕ್ಕೆ ಸಾಲುವುದಿಲ್ಲ. 50 ಇಡಲು ಹೇಳಿದೆ. ಪರೀಕ್ಷೆಗೆ ನಮ್ಮ ಜಿಲ್ಲೆಯ ಹೆಸರುಗಳೇ ಸಾಕು. ಬಂಗಾರಪೇಟೆ, ಶ್ರೀನಿವಾಸಪುರ ಎರಡೂ ಟೈಪ್ ಮಾಡಿಸಿ.

ಲಕ್ಷಣ: ಅತಿ ಹೆಚ್ಚು ರೇಟು 90 ಅಂತ ತೋರಿಸುತ್ತಿದೆ

ರೇಟುಗಳು 90, 450, 1200. ದೊಡ್ಡದು ಯಾವುದು ಅಂದರೆ ಆ್ಯಪ್ 90 ಅನ್ನುತ್ತದೆ. ಅಂಕಿಯನ್ನು ಪದದ ಹಾಗೆ ಉಳಿಸಿದ್ದಾರೆ. ಪದಗಳಾದರೆ ಮೊದಲ ಅಕ್ಷರದಿಂದ ಹೋಲಿಕೆ, 9 ಎಲ್ಲಕ್ಕಿಂತ ದೊಡ್ಡದು. ಜಾವಾಸ್ಕ್ರಿಪ್ಟ್‌ನ ಸಾರ್ಟ್‌ಗೆ ಏನೂ ಹೇಳದಿದ್ದರೆ ಅಂಕಿಗಳನ್ನೂ ಹೀಗೇ ಜೋಡಿಸುತ್ತದೆ. ಕಾಲಂನ ಬಗೆ ನೋಡಿ, ಸಾರ್ಟ್ ನೋಡಿ. ಎರಡು ನಿಮಿಷದ ಕೆಲಸ.

ಲಕ್ಷಣ: ಸರಿಯಾದ ರೇಟನ್ನೇ ಆ್ಯಪ್ ತೆಗೆದುಕೊಳ್ಳುತ್ತಿಲ್ಲ

ತಪ್ಪು ಅಂಕಿ ಬರಬಾರದು ಅಂತ ಹುಡುಗಿ ಒಂದು ಬಾಕ್ಸ್‌ಗೆ ಹೆಚ್ಚೆಂದರೆ 1000 ರೂಪಾಯಿ ಅಂತ ಮಿತಿ ಹಾಕಿದ್ದಳು. ಯೋಚನೆ ಒಳ್ಳೆಯದೇ. ಆದರೆ 2023ರ ಜುಲೈ ನೆನಪಿದೆಯಾ? ಕೋಲಾರ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ವರ್ಷಗಳ ನಷ್ಟ ತುಂಬಿಸಿಕೊಳ್ಳುವ ಅಂಥ ದಿನ ಆ್ಯಪ್ "ಸರಿಯಾದ ಬೆಲೆ ಹಾಕಿ" ಅಂದರೆ ಹೇಗಿರುತ್ತದೆ? ಕೆಳಗಿನ ಮಿತಿಯೂ ಹಾಗೇ. ಕೀಳುವ ಕೂಲಿಯೂ ಹುಟ್ಟದೆ ಹಣ್ಣನ್ನು ರಸ್ತೆ ಪಕ್ಕ ಸುರಿದದ್ದನ್ನು ನಾವೇ ಕಂಡಿದ್ದೇವೆ. ಇಂಥ ಕಡೆ ತಡೆಯಬೇಡ, ಕೇಳು ಅಂತ ಹೇಳಿದೆ. "ಬಾಕ್ಸ್‌ಗೆ 2,100 ಅಂತ ಹಾಕಿದ್ದೀರಿ, ಸರಿ ತಾನೇ?" ಅಂತ ಒಂದು ಸಲ ಕೇಳಿ ಉಳಿಸಿಕೊಂಡರೆ ಸಾಕು. ಸೊನ್ನೆಗಿಂತ ಕಡಿಮೆ ಬಂದರೆ ಮಾತ್ರ ತಡೆಯಬೇಕು. ಆ ತಡೆ ಬ್ರೌಸರ್‌ನಲ್ಲಿ ಇದ್ದರೆ ಸಾಲದು, ಸರ್ವರ್‌ನಲ್ಲೂ ಇರಬೇಕು.

ಸರ್ಕಾರಿ ಬೆಲೆ ಪಟ್ಟಿಯಿಂದ ರೇಟು ತರುವ ಪ್ರಾಜೆಕ್ಟ್ ಆದರೆ ಇನ್ನೊಂದನ್ನು ನೋಡಿ. ಅಲ್ಲಿ ಬೆಲೆ ಕ್ವಿಂಟಲ್‌ಗೆ ಇರುತ್ತದೆ. ಕ್ವಿಂಟಲ್‌ಗೆ 2,400 ಅಂದರೆ ನಮ್ಮ 15 ಕೆಜಿ ಬಾಕ್ಸ್‌ಗೆ 360. ತೆರೆಯ ಮೇಲೆ ಅಂಕಿಯ ಪಕ್ಕ "ಕ್ವಿಂಟಲ್‌ಗೆ" ಅಥವಾ "ಬಾಕ್ಸ್‌ಗೆ" ಅಂತ ಬರೆದಿಲ್ಲದಿದ್ದರೆ ನೋಡಿದವರು ಮೋಸ ಹೋಗುತ್ತಾರೆ.

ಲಕ್ಷಣ ಕಾಣದ ತಪ್ಪು: ಬೀಗ ಇಲ್ಲದ ಬಾಗಿಲು

ಇವು ಡೆಮೊದಲ್ಲಿ ಕಾಣುವುದಿಲ್ಲ. ಹುಡುಕಿಕೊಂಡು ಹೋಗಬೇಕು. ನಾನು ಮೂರು ಪರೀಕ್ಷೆ ಮಾತ್ರ ಮಾಡುತ್ತೇನೆ.

ಒಂದು, ವಿಳಾಸದ ಕೊನೆಯಲ್ಲಿ 7 ಅಂತ ಇದ್ದರೆ 8 ಮಾಡಿ ಎಂಟರ್ ಒತ್ತುತ್ತೇನೆ. ಬೇರೆ ರೈತರ ಲೆಕ್ಕ ತೆರೆದುಕೊಂಡರೆ, ಲಾಗಿನ್ ಇದ್ದೂ ಇಲ್ಲದ ಹಾಗೆ. ಯಾರು ಎಷ್ಟು ದುಡಿದರು ಅನ್ನುವುದು ಊರಿಗೆಲ್ಲಾ ಗೊತ್ತಾಗಬಾರದು.

ಎರಡು, ಹೆಸರಿನ ಜಾಗದಲ್ಲಿ ನಡುವೆ ಒಂಟಿ ಉದ್ಧರಣ ಚಿಹ್ನೆ ಇರುವ ಹೆಸರು ಹಾಕುತ್ತೇನೆ. ಡಿಸೋಜ ಅನ್ನುವ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆದರೆ ಅದು ಬರುತ್ತದಲ್ಲ, ಹಾಗೆ. ಕೆಜಿಎಫ್‌ನಲ್ಲಿ ಇಂಥ ಹೆಸರಿನವರಿಗೆ ಬರವಿಲ್ಲ. ಪುಟ 500 ಕೊಟ್ಟರೆ ಹೆಸರನ್ನು ನೇರವಾಗಿ ಕ್ವೆರಿಗೆ ಅಂಟಿಸಿದ್ದಾರೆ ಅನ್ನುವ ಅನುಮಾನ ಗಟ್ಟಿ. ಅದೇ ದಾರಿಯಲ್ಲಿ ಬೇಕೆಂದವರು ಟೇಬಲ್ಲನ್ನೇ ಅಳಿಸಬಹುದು. ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಕ್ವೆರಿಯನ್ನೂ ಹಾಕುವ ಹೆಸರನ್ನೂ ಬೇರೆ ಬೇರೆ ಕಳಿಸುವ ವಿಧಾನ) ಬಳಸಲು ಹೇಳಿ.

ಮೂರು, ಗಿಟ್‌ಹಬ್‌ನಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಕಾಣುತ್ತದಾ ನೋಡುತ್ತೇನೆ. ಕಂಡರೆ ಆ ಸಾಲು ಅಳಿಸಿದರೆ ಸಾಲದು, ಹಳೇ ಕಮಿಟ್‌ಗಳಲ್ಲಿ, ಅಂದರೆ ಮೊದಲು ಉಳಿಸಿದ ಪ್ರತಿಗಳಲ್ಲಿ, ಅದು ಹಾಗೇ ಕೂತಿರುತ್ತದೆ. ಪಾಸ್‌ವರ್ಡನ್ನೇ ಬದಲಾಯಿಸಬೇಕು. ಇದೊಂದನ್ನು ಮಾತ್ರ ನಾನು ಮುಂದಿನ ವಾರಕ್ಕೆ ಬಿಡುವುದಿಲ್ಲ. ನನ್ನ ಮುಂದೆಯೇ ಕೂರಿಸಿ ಮಾಡಿಸುತ್ತೇನೆ.

ಪುಟ ನಿಧಾನ ಅನ್ನುವ ದೂರಿಗೆ ಮೊದಲು ಫೋಟೊ ನೋಡಿ. ಫೋನಿನಲ್ಲಿ ತೆಗೆದ ಒಂದು ಫೋಟೊ 3-4 ಎಂಬಿ ಇರುತ್ತದೆ. ಹತ್ತು ಫೋಟೊ ಹಾಗೇ ಹಾಕಿದರೆ ತೋಟದ ನೆಟ್‌ವರ್ಕ್‌ನಲ್ಲಿ ಪುಟ ತೆರೆಯುವುದಿಲ್ಲ. ಚಿಕ್ಕದು ಮಾಡಿ ಹಾಕಲು ಹೇಳಿ, ಮುಗಿಯಿತು.

ಬರೆದು ಕೊಡುವ ಟಿಪ್ಪಣಿ

ತಪ್ಪು ಹುಡುಕಿದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಬಾಯಲ್ಲಿ ಹೇಳಿದ್ದು ಬಸ್ ಹತ್ತುವಷ್ಟರಲ್ಲಿ ಅರ್ಧ ಮರೆತುಹೋಗುತ್ತದೆ. ಬರೆದು ಕೊಡಿ. ಆದರೆ ಹೀಗೆ ಬರೆಯಬೇಡಿ: "ಡೇಟ್ ಹ್ಯಾಂಡ್ಲಿಂಗ್ ಸರಿ ಇಲ್ಲ. ವ್ಯಾಲಿಡೇಷನ್ ವೀಕ್. ಯುಐ ಇಂಪ್ರೂವ್ ಮಾಡಿ." ಇದನ್ನು ಓದಿದ ಹುಡುಗ ಮನೆಗೆ ಹೋಗಿ ಬಣ್ಣ ಬದಲಾಯಿಸಿಕೊಂಡು ಬರುತ್ತಾನೆ. ಅವನ ತಪ್ಪಲ್ಲ, ಅವನಿಗೆ ಅರ್ಥವಾದದ್ದು ಅದೊಂದೇ.

ನಾನು ಆ ಹುಡುಗಿಗೆ ಬರೆದು ಕೊಟ್ಟ ಮೊದಲ ಟಿಪ್ಪಣಿ ಇದು:

"ಗಡಿಯಾರ 12ನೇ ತಾರೀಕು ಬೆಳಗಿನ ಜಾವ 4:50ಕ್ಕೆ ಇಟ್ಟು 62 ಬಾಕ್ಸ್ ಹಾಕಿದೆ. 12ಕ್ಕೆ ಬರಬೇಕಿತ್ತು, 11ಕ್ಕೆ ಬಂತು. 5:40ಕ್ಕೆ ಹಾಕಿದರೆ 12ಕ್ಕೇ ಬಂತು. ಇದರಿಂದ ಅಪ್ಪನ ದಿನದ ಮೊತ್ತ ಸೊನ್ನೆ ಆಗುತ್ತಿದೆ. ತಾರೀಕು ಕತ್ತರಿಸುವ ಸಾಲಿನಿಂದ ಹುಡುಕಲು ಶುರು ಮಾಡು. ರಾತ್ರಿ ಲೋಡ್‌ಗೆ ಅಪ್ಪ ಹೇಳಿದ್ದನ್ನು ಮರೆಯಬೇಡ."

ಏನು ಮಾಡಿದೆ, ಏನು ಬಂತು, ಏನು ಬರಬೇಕಿತ್ತು, ಯಾರಿಗೆ ತೊಂದರೆ, ಎಲ್ಲಿಂದ ಹುಡುಕಬೇಕು, ಎಲ್ಲಾ ಇದರಲ್ಲಿದೆ. ಸರಿ ಮಾಡಿದ ಕೋಡ್ ಮಾತ್ರ ಇಲ್ಲ. ತಪ್ಪನ್ನು ಅವಳು ತನ್ನ ಲ್ಯಾಪ್‌ಟಾಪಿನಲ್ಲಿ ಮತ್ತೆ ಬರಿಸಿಕೊಳ್ಳಬಲ್ಲಳು. ಅಷ್ಟಾದರೆ ರಿಪೇರಿ ಅವಳದ್ದೇ. ನಾನು ಕೋಡ್ ಬರೆದು ಕೊಟ್ಟಿದ್ದರೆ ವೈವಾದಲ್ಲಿ "ಇದು ಯಾಕೆ ಹೀಗಿದೆ" ಅಂತ ಕೇಳಿದಾಗ ಅವಳು ತಲೆ ತಗ್ಗಿಸಬೇಕಾಗುತ್ತಿತ್ತು.

ಒಂದು ಸಲಕ್ಕೆ ಮೂರಕ್ಕಿಂತ ಜಾಸ್ತಿ ಟಿಪ್ಪಣಿ ಕೊಡುವುದಿಲ್ಲ. ಹದಿನೈದು ತಪ್ಪು ಸಿಕ್ಕಿದ್ದರೂ ಅಷ್ಟೇ. ಮೊದಲು ಡೇಟಾ ಕಳೆಯುವ, ಕೆಡಿಸುವ ತಪ್ಪುಗಳು. ಆಮೇಲೆ ಬೀಗದವು. ಆಮೇಲೆ ಬಳಸಲು ತಡೆಯುವಂಥವು. ಬಣ್ಣ, ಫಾಂಟ್, ಬಟನ್ ಜಾಗ ಎಲ್ಲಾ ಕೊನೆಗೆ, ಸಮಯ ಉಳಿದರೆ.

ಚೆನ್ನಾಗಿರುವುದನ್ನೂ ಅಷ್ಟೇ ಬಿಡಿಸಿ ಬರೆಯಬೇಕು. "ಗುಡ್ ವರ್ಕ್" ಅಂತ ಬರೆದರೆ ಅದರಿಂದ ಏನೂ ತಿಳಿಯುವುದಿಲ್ಲ. ಇವಳ ಫಾರಂನಲ್ಲಿ ಬಾಕ್ಸ್ ಸಂಖ್ಯೆಯ ಜಾಗ ಮುಟ್ಟಿದರೆ ನೇರವಾಗಿ ಅಂಕಿಗಳ ಕೀಪ್ಯಾಡ್ ಬರುತ್ತಿತ್ತು. ಬಟನ್ ಹೆಬ್ಬೆರಳಿನಷ್ಟು ಅಗಲ. ಯಾಕಮ್ಮ ಅಂದರೆ, "ಅಪ್ಪನ ಕೈಯಲ್ಲಿ ಮಣ್ಣಿರುತ್ತೆ ಸರ್, ಚಿಕ್ಕದಾದ್ರೆ ಒತ್ತೋಕೆ ಆಗಲ್ಲ" ಅಂದಳು. ಟಿಪ್ಪಣಿಯ ತಲೆಯಲ್ಲಿ ಅದನ್ನೇ ಬರೆದೆ: "ಈ ಕೀಪ್ಯಾಡ್, ಈ ಬಟನ್ ಅಳತೆ ಮುಟ್ಟಬೇಡ. ಇದು ಬಳಸುವವರನ್ನು ನೋಡಿ ಮಾಡಿದ್ದು." ಹೀಗೆ ಬರೆಯದಿದ್ದರೆ ಇನ್ನೇನೋ ಸರಿ ಮಾಡುವ ಭರದಲ್ಲಿ ಇರುವ ಒಳ್ಳೆಯದನ್ನೂ ಕಿತ್ತು ಹಾಕುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಟಿಪ್ಪಣಿ ಕೊಟ್ಟೂ ಏನೂ ಬದಲಾಗದಿದ್ದರೆ

ಮುಂದಿನ ಶನಿವಾರ ಹುಡುಗರು ಬರುವುದೇ ಇಲ್ಲ, ಅಥವಾ ಬಂದರೂ ಅದೇ ತಪ್ಪು ಹಾಗೇ ಇದೆ. ಸೋಮಾರಿಗಳು ಅಂತ ತೀರ್ಮಾನ ಮಾಡುವ ಮುಂಚೆ ಕಾರಣ ಹುಡುಕಿ. ಹೆಚ್ಚಾಗಿ ಕೋಡ್ ಅವರದ್ದಲ್ಲ. ಎಲ್ಲಿಂದಲೋ ತಂದದ್ದು, ಅಥವಾ ನಾಲ್ವರ ಗುಂಪಿನಲ್ಲಿ ಒಬ್ಬನೇ ಬರೆದದ್ದು. "ಕಾಪಿ ಹೊಡೆದಿದ್ದೀಯಾ?" ಅಂದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. "ಈ ಬಟನ್ ಒತ್ತಿದರೆ ಮೊದಲು ಯಾವ ಫೈಲ್‌ಗೆ ಹೋಗುತ್ತೆ, ಬೆರಳಿಟ್ಟು ತೋರಿಸಪ್ಪ" ಅನ್ನಿ. ತೋರಿಸಲು ಬಾರದಿದ್ದರೆ ಅಲ್ಲಿಂದಲೇ ಪಾಠ ಶುರು. ಆ ಒಂದು ಬಟನ್‌ನ ದಾರಿ ಪೂರ್ತಿ ನಡೆಸಿಕೊಂಡು ಹೋಗಿ. ಉಳಿದ ಪ್ರಾಜೆಕ್ಟ್ ಆ ದಿನಕ್ಕೆ ಬೇಡ.

ಇನ್ನು ಕೆಲವರು ಹೆದರಿರುತ್ತಾರೆ. ನಾಲ್ಕು ಜನರ ಮುಂದೆ ತಪ್ಪು ಹೇಳಿಸಿಕೊಂಡ ಹುಡುಗ ಮತ್ತೆ ಬಾಯಿ ಬಿಡುವುದಿಲ್ಲ. ಚೆನ್ನಾಗಿದ್ದದ್ದನ್ನು ಎಲ್ಲರ ಮುಂದೆ ಹೇಳಿ, ತಪ್ಪನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿ.

ಮರುಪರೀಕ್ಷೆ

ಸರಿ ಮಾಡಿದ್ದೇನೆ ಅಂದ ಮಾತ್ರಕ್ಕೆ ಟಿಪ್ಪಣಿಗೆ ಗೀಟು ಎಳೆಯಬೇಡಿ. ಅದೇ ಹೊತ್ತಿಗೆ, ಅದೇ ಅಂಕಿ ಹಾಕಿ, ಸಾಧ್ಯವಾದರೆ ಅದೇ ಮನುಷ್ಯನ ಕೈಯಲ್ಲಿ ಮತ್ತೆ ಮಾಡಿಸಿ.

ಆ ಹುಡುಗಿ ಗಡಿಯಾರ ತಿರುಗಿಸಿ ಪರೀಕ್ಷೆ ಮಾಡಿದ್ದಳು. ಅದು ಸಾಲದು ಅಂತ ಅವಳಿಗೇ ಅನಿಸಿತಂತೆ. ಎರಡು ದಿನ ಬಿಟ್ಟು ನಾನು ಬೆಳಗ್ಗೆ ಎದ್ದು ನೋಡಿದಾಗ ಫೋನಿನಲ್ಲಿ ಮೆಸೇಜ್ ಇತ್ತು, ಬಂದ ಹೊತ್ತು 4:53. "ಸರ್, ಈಗಷ್ಟೇ ಅಪ್ಪ ಹಾಕಿದ್ರು. 48 ಬಾಕ್ಸ್. ಮಾರಾಟದ ದಿನ ಇವತ್ತಿನದೇ ಬಂತು." ಜೊತೆಗೆ ಒಂದು ಫೋಟೊ. ಗಾಡಿಯ ಹಿಂದೆ ಟಾರ್ಚ್ ಬೆಳಕು, ಅದರಲ್ಲಿ ಫೋನ್ ಹಿಡಿದ ಕೈ.

ಮಧ್ಯಾಹ್ನ ಇನ್ನೊಂದು ಮೆಸೇಜ್ ಬಂತು. ಅವತ್ತು 30 ಬಾಕ್ಸ್ ಒಂದು ರೇಟಿಗೆ ಹೋಗಿತ್ತು, ಸ್ವಲ್ಪ ಹಣ್ಣಾಗಿದ್ದ 18 ಬಾಕ್ಸ್ ಕಡಿಮೆ ರೇಟಿಗೆ. ಆ್ಯಪ್‌ನಲ್ಲಿ ದಿನಕ್ಕೆ ಒಂದೇ ರೇಟಿಗೆ ಜಾಗ. "ಸರ್, ಇದು ನಾನೇ ಹುಡುಕಿದ ತಪ್ಪು. ಟಿಪ್ಪಣಿ ನಾನೇ ಬರೆದಿದ್ದೀನಿ, ಶನಿವಾರ ತರ್ತೀನಿ." ಏನು ಮಾಡಿದೆ, ಏನು ಬಂತು, ಏನು ಬರಬೇಕಿತ್ತು, ಮೂರೂ ಅದರಲ್ಲಿತ್ತು.